ಪದ್ಮಿನಿಯ ಹಿಂದಿನ ಆಕ್ಸಲ್‌ಗೆ ಡಿಸ್ಕ್ ಬ್ರೇಕ್ ಕೂರಿಸುವ ಬಗೆ

ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿಯನ್ನು ಮುಂಬಯಿಯಲ್ಲಿ ಇಂದಿಗೂ ಅಕ್ಕರೆಯಿಂದ ಓಡಿಸುತ್ತಿರುವ ಕನ್ನಡಿಗರು ಹಿಂದಿನ ಡ್ರಮ್ ಬ್ರೇಕನ್ನು ಬಿಚ್ಚುವ ಮೊದಲು, ಮುಂದಿನ ಚಕ್ರಗಳಿಗೆ ಡಿಸ್ಕ್ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹಣವನ್ನು ಮೊದಲು ಅಲ್ಲಿಗೇ ಹಾಕಿ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲಿ ಹಿಂದಿನ ಟೈರುಗಳ ಹಿಡಿತ ಸಡಿಲವಾಗುವುದರಿಂದ, ಹಿಂದಿನ ಚಕ್ರಗಳೇ ಮೊದಲು ಬಿಗಿದು ನಿಂತರೆ ಮಳೆಗಾಲದ ರಸ್ತೆಯಲ್ಲಿ ಗಾಡಿ ಅಡ್ಡಡ್ಡ ತಿರುಗಿಬಿಡುತ್ತದೆ. ಹಿಂದೆ ಡಿಸ್ಕ್ ಹಾಕಿದ ಮಾತ್ರಕ್ಕೆ ನಿಲ್ಲುವ ದೂರ ಹೆಚ್ಚೇನೂ ತಗ್ಗುವುದಿಲ್ಲ. ಮುಂಬಯಿ-ಪುಣೆ ದಾರಿಯ ಬೋರ್ ಘಾಟ್ ಇಳಿಯುವಾಗ ಕಾವು ಬೇಗ ಆರುವುದು, ನೀರಲ್ಲಿ ನೆನೆದ ಬ್ರೇಕು ಬೇಗ ಹಿಡಿತಕ್ಕೆ ಬರುವುದು, ಇವೇ ಅದರ ನಿಜವಾದ ಲಾಭ.

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ವಾಹನದ ಮಾರ್ಪಾಡಿಗೆ ಮಿತಿ ಹಾಕಿರುವುದರಿಂದ, ಕೆಲಸಕ್ಕೆ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿಕೊಳ್ಳಿ.

ಡಿಸ್ಕನ್ನು ಎರಡೂ ಬದಿಯಿಂದ ಪ್ಯಾಡುಗಳಲ್ಲಿ ಒತ್ತಿ ಹಿಡಿಯುವ ಕ್ಯಾಲಿಪರನ್ನು ಆರಿಸುವಾಗ ಹ್ಯಾಂಡ್ ಬ್ರೇಕಿನ ಕೇಬಲ್ ಸಿಕ್ಕಿಸುವ ಲಿವರ್ ಇರುವುದನ್ನೇ ಕೊಳ್ಳಬೇಕು. ಡ್ರಮ್ ಹೋದೊಡನೆ ಅದರೊಳಗಿದ್ದ ಹ್ಯಾಂಡ್ ಬ್ರೇಕೂ ಹೋಗುತ್ತದೆ ಎಂಬುದು ಅನೇಕರಿಗೆ ಕೊನೆಯಲ್ಲಿ ನೆನಪಾಗುತ್ತದೆ. ಡಿಸ್ಕ್‌ನ ಬೋಲ್ಟ್ ತೂತುಗಳ ಅಂತರವೂ ನಡುವಿನ ರಂಧ್ರವೂ ಆಕ್ಸಲ್ ಫ್ಲೇಂಜಿಗೆ (ಚಕ್ರ ಕೂರುವ ಆಕ್ಸಲ್ ತುದಿಯ ತಟ್ಟೆಗೆ) ಸರಿಯಾಗಿ ಹೊಂದಬೇಕು. ನಿಮ್ಮ ಗಾಡಿಯ ಚಕ್ರವನ್ನೇ ಸಿಕ್ಕಿಸಿ, ಕ್ಯಾಲಿಪರಿಗೆ ತಗಲದೆ ತಿರುಗುವುದೇ ಎಂದು ನೋಡಿದ ಮೇಲೆಯೇ ಕ್ಯಾಲಿಪರನ್ನು ಆಕ್ಸಲ್‌ಗೆ ಹಿಡಿದಿಡುವ ಬ್ರಾಕೆಟ್ ಮಾಡಿಸಿ.

ಈ ಕೆಲಸದ ಜೀವಾಳವೇ ಬ್ರಾಕೆಟ್. ಡ್ರಮ್ಮಿನ ಹಿಂದಿನ ತಗಡು ಬೇರಿಂಗನ್ನು ಹಿಡಿದಿಡುವ ಜೋಡಣೆಯಲ್ಲಿ ಸೇರಿದ್ದರೆ, ಅದನ್ನು ತೆಗೆದಾಗ ಉಳಿಯುವ ಸಂದನ್ನು ಅಷ್ಟೇ ದಪ್ಪದ ಉಕ್ಕಿನಿಂದ ತುಂಬಬೇಕು, ಇಲ್ಲವಾದರೆ ಆಕ್ಸಲ್ ಅತ್ತಿತ್ತ ಸರಿದಾಡುತ್ತದೆ. ಒಳ್ಳೆಯ ಲೇತ್ ಕೆಲಸದವರಿಂದ ದಪ್ಪ ಉಕ್ಕಿನ ತಟ್ಟೆಯಲ್ಲಿ ಕಡೆಸಿ, ಮೊದಲಿದ್ದ ತೂತುಗಳಿಗೇ 8.8 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಬೋಲ್ಟು ಬಳಸಿ. ಆಕ್ಸಲ್ ಕೊಳವೆಗೆ ವೆಲ್ಡಿಂಗ್ ಮಾಡಿದರೆ ಅದು ಬಾಗುವ ಅಪಾಯವಿದೆ. ಕ್ಯಾಲಿಪರಿನ ನಟ್ಟನಡುವೆ ಡಿಸ್ಕ್ ತಿರುಗಬೇಕು. ಡಯಲ್ ಗೇಜ್ ಇಟ್ಟು ನೋಡಿದಾಗ ಅದರ ಓಲಾಟ 0.1 ಮಿ.ಮೀ. ಮೀರಬಾರದು.

ಡ್ರಮ್ ಬ್ರೇಕಿನ ಪೈಪಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡ ಉಳಿಸುವ ವಾಲ್ವ್ ಇದ್ದರೆ ಅದನ್ನು ತೆಗೆಯಿರಿ. ಉಳಿಸಿದರೆ ಪ್ಯಾಡುಗಳು ಸದಾ ಉಜ್ಜುತ್ತಲೇ ಇರುತ್ತವೆ. ಪೆಡಲ್ ಒತ್ತಿದಾಗ ಪೈಪುಗಳಿಗೆ ಬ್ರೇಕ್ ದ್ರವ ತಳ್ಳುವ ಮಾಸ್ಟರ್ ಸಿಲಿಂಡರ್ ಹೊಸ ಕ್ಯಾಲಿಪರಿಗೆ ಬೇಕಾದಷ್ಟು ದ್ರವ ತಳ್ಳಬಲ್ಲದೇ ಎಂಬುದನ್ನೂ ಲೆಕ್ಕಹಾಕಿ, ಅದು ಒಂದೇ ಸರ್ಕ್ಯೂಟಿನದಾಗಿದ್ದರೆ ಈ ಸಂದರ್ಭದಲ್ಲೇ ಎರಡು ಸರ್ಕ್ಯೂಟಿನದಕ್ಕೆ (ಒಂದು ಸೋರಿದರೂ ಇನ್ನೊಂದು ಕೆಲಸ ಮಾಡುವಂಥದ್ದಕ್ಕೆ) ಬದಲಾಯಿಸುವುದು ನನ್ನ ಪ್ರಕಾರ ಕಡ್ಡಾಯ. ಹಿಂದಿನ ಪೈಪಿಗೆ ಒತ್ತಡ ಹೊಂದಿಸುವ ವಾಲ್ವ್ ಹಾಕಿ. ಕಡಲ ಗಾಳಿಗೆ ತುಕ್ಕು ಹಿಡಿದ ಹಳೆಯ ಪೈಪನ್ನು ಉಳಿಸಿಕೊಳ್ಳಬೇಡಿ.

ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆಯುವಾಗ, ಅದು ಹೊರಬರುವ ಕ್ಯಾಲಿಪರಿನ ನಿಪ್ಪಲ್ ಮೇಲ್ಭಾಗದಲ್ಲಿರಬೇಕು. ಬಳಿಕ ಖಾಲಿ ಜಾಗದಲ್ಲಿ, ಮೊದಲು ನಿಧಾನವಾಗಿ, ಬ್ರೇಕ್ ಒತ್ತಿ ಪರೀಕ್ಷಿಸಿ, ಮುಂದಿನ ಚಕ್ರಗಳೇ ಮೊದಲು ಬಿಗಿಯುವವರೆಗೆ ಒತ್ತಡ ಹೊಂದಿಸುವ ವಾಲ್ವನ್ನು ತಿರುಗಿಸುತ್ತ ಬನ್ನಿ. ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವವರೆಗೂ ಅದನ್ನು ಘಾಟಿಗೆ ಒಯ್ಯಬೇಡಿ.