ಕಾಫಿ ತೊಟ್ಟಿಯ ಪಕ್ಕ ನಿಂತು ಹೇಳಿದ ಹಾರ್ಮೋನಿನ ಕಥೆ

"ಮಾತ್ರೆ ಬಿಟ್ಟುಬಿಟ್ಟೆ ಸಿಸ್ಟರ್."

ಸೋಮವಾರಪೇಟೆ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರಿಗೆ ಸಿಸ್ಟರ್. ಆ ದಿನ ಬಿಪಿ ನೋಡಲು ಹೋಗಿದ್ದ ಮನೆಯ ಅಕ್ಕನಿಗೆ 58 ವರ್ಷ. ಮೈಸೂರಿನಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ ತಗೋಬೇಕಿತ್ತು. ಎರಡು ತಿಂಗಳಿಂದ ತಗೊಂಡೇ ಇಲ್ಲ. ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ಮಂಡಿ ಹಿಡಿಯುತ್ತದೆ ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. "ಮುಟ್ಟು ನಿಂತು ಎಂಟು ವರ್ಷ ಆಯ್ತು. ಹಾರ್ಮೋನೇ ಇಲ್ಲ ಅಂದಮೇಲೆ ಹಾರ್ಮೋನ್ ತಡೆಯೋ ಮಾತ್ರೆ ಯಾಕೆ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ. ಇದಕ್ಕೆ ಯಾರೂ ಅವರಿಗೆ ಉತ್ತರ ಹೇಳಿರಲಿಲ್ಲ. ಅಷ್ಟು ಸಲ ಆ ಮನೆಗೆ ಹೋಗಿದ್ದ ನಾನೂ ಹೇಳಿರಲಿಲ್ಲ. "ಡಾಕ್ಟರ್ ಕೊಟ್ಟಿದ್ದಾರೆ, ತಗೊಳ್ಳಿ" ಅಂತಷ್ಟೇ ಹೇಳಿದ್ದೆ.

ಡಿಸೆಂಬರ್ ತಿಂಗಳು, ಅರೇಬಿಕಾ ಕುಯ್ಲಿನ ಸಮಯ. ಮನೆ ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್. ಅದರ ಪಕ್ಕ ತೊಟ್ಟಿ. ಹಿಂದಿನ ದಿನ ಸಿಪ್ಪೆ ಬಿಡಿಸಿದ ಕಾಫಿ ಬೀಜ ತೊಟ್ಟಿಯಲ್ಲಿ ಕೂತಿತ್ತು. ಮಾತಾಡುತ್ತಲೇ ಅಕ್ಕ ಕೈ ಹಾಕಿ ಒಂದು ಹಿಡಿ ಬೀಜ ಉಜ್ಜಿ ನೋಡಿದರು. ಇನ್ನೂ ಜಾರುತ್ತಿತ್ತು. "ಲೋಳೆ ಬಿಟ್ಟಿಲ್ಲ. ಚಳಿ ಜಾಸ್ತಿ ಅಲ್ವಾ, ನಿಧಾನ" ಅಂದರು.

ಆಗ ನನಗೆ ದಾರಿ ಸಿಕ್ಕಿತು.

"ಅಕ್ಕಾ, ಈ ಲೋಳೆಯನ್ನು ಬಿಡಿಸುವವರು ಯಾರು?" ಅಂತ ಕೇಳಿದೆ. ಯಾರೂ ತಿಕ್ಕುವುದಿಲ್ಲ, ಕುದಿಸುವುದಿಲ್ಲ. ಒಂದು ದಿನ, ಒಂದೂವರೆ ದಿನ ಸುಮ್ನೆ ಬಿಟ್ಟರೆ ತಾನಾಗಿ ಕರಗುತ್ತದೆ. ಆಮೇಲೆ ಕೈಗೆ ಸಣ್ಣ ಕಲ್ಲಿನ ಹಾಗೆ ಒರಟು ಸಿಗುತ್ತದೆ. ಆ ಕೆಲಸ ಮಾಡುವುದು ಕಿಣ್ವ. ಹಣ್ಣಿನಲ್ಲೇ ಇರುವ ಕಿಣ್ವ, ತೊಟ್ಟಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಬಿಡುವ ಕಿಣ್ವ. ಅದು ಒಂದು ವಸ್ತುವನ್ನು ಹಿಡಿದು ಇನ್ನೊಂದಾಗಿ ಮಾಡುತ್ತದೆ, ತಾನು ಖರ್ಚಾಗುವುದಿಲ್ಲ, ಮತ್ತೆ ಮುಂದಿನದನ್ನು ಹಿಡಿಯುತ್ತದೆ. ಚಳಿಯಾದರೆ ನಿಧಾನ, ಬಿಸಿಲಾದರೆ ಬೇಗ. (ಕೆಲವರು ಹೆಪ್ಪನ್ನೇ ಕಿಣ್ವ ಅನ್ನುತ್ತಾರೆ. ಹೆಪ್ಪು ಜೀವ ಇರುವ ಬ್ಯಾಕ್ಟೀರಿಯಾ. ಕಿಣ್ವಕ್ಕೆ ಜೀವ ಇಲ್ಲ.)

ನಮ್ಮ ಮೈಯಲ್ಲಿ ಇಂಥವು ಸಾವಿರಾರು ಇವೆ. ಉಂಡದ್ದು ಕರಗುವುದು, ಕೊಬ್ಬು ಕೂಡುವುದು, ಹಾರ್ಮೋನು ತಯಾರಾಗುವುದು, ಎಲ್ಲ ಅವುಗಳ ಕೆಲಸ. ಮೆಟಬಾಲಿಸಂ ಅನ್ನುವುದು ಇದನ್ನೇ. ಅದರಲ್ಲಿ ಒಂದರ ಹೆಸರು ಅರೋಮಟೇಸ್. ಮುಟ್ಟು ನಿಂತಮೇಲೆ ಅಂಡಾಶಯ ಈಸ್ಟ್ರೋಜನ್ ಮಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ, ನಿಜ. ಆದರೆ ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತ ಅಡ್ರಿನಲ್ ಗ್ರಂಥಿ ಗಂಡು ಹಾರ್ಮೋನಿನ ಜಾತಿಯ ಒಂದಷ್ಟು ವಸ್ತು ಮಾಡುತ್ತಲೇ ಇರುತ್ತದೆ. ಅವು ಕೊಬ್ಬಿಗೆ ಬಂದರೆ ಅಲ್ಲಿರುವ ಅರೋಮಟೇಸ್ ಅವನ್ನು ಈಸ್ಟ್ರೋಜನ್ ಮಾಡಿಬಿಡುತ್ತದೆ. ಹೊಟ್ಟೆಯ ಕೊಬ್ಬಿನಲ್ಲೂ ಆಗುತ್ತದೆ, ಎದೆಯ ಕೊಬ್ಬಿನಲ್ಲೂ ಆಗುತ್ತದೆ. ಈಸ್ಟ್ರೋಜನ್ ಎದೆಯ ಜೀವಕೋಶಗಳಿಗೆ "ಒಡೆದು ಎರಡಾಗು" ಅನ್ನುತ್ತದೆ. ಎಷ್ಟು ಸಲ ಒಡೆಯುತ್ತದೋ ಅಷ್ಟು ಸಲ ತಪ್ಪಾಗುವ ಅವಕಾಶ. ಅಕ್ಕನಿಗೆ ಬಂದಿದ್ದ ಗೆಡ್ಡೆಯೂ ಈಸ್ಟ್ರೋಜನ್ ತಿಂದು ಬೆಳೆಯುವ ಜಾತಿಯದು.

"ಹಾಗಾದ್ರೆ ಈ ಮಾತ್ರೆ?"

"ಪಲ್ಪರ್ ಬಾಯಿಗೆ ಕಲ್ಲು ಸಿಕ್ಕಿಕೊಂಡರೆ ಏನಾಗುತ್ತೆ? ಹಣ್ಣು ಬರ್ತಾನೇ ಇರುತ್ತೆ, ಬೀಜ ಹೊರಗೆ ಬರಲ್ಲ. ಈ ಮಾತ್ರೆ ಆ ಕಲ್ಲು. ದಿನಾ ಒಂದು ಹಾಕಬೇಕು."

ಅಕ್ಕ ತುಂಬಾ ಹೊತ್ತು ತೊಟ್ಟಿಯನ್ನೇ ನೋಡಿದರು. ಕೀಲು ನೋವು ಸುಳ್ಳಲ್ಲ ಅಂತಲೂ ಹೇಳಿದೆ. ಈಸ್ಟ್ರೋಜನ್ ಇಳಿದಾಗ ಕೀಲು ನೋಯುತ್ತದೆ, ಮೂಳೆಯೂ ಸವೆಯುತ್ತದೆ. ಅದಕ್ಕೆ ಮಾತ್ರೆ ನಾವಾಗಿ ಬಿಡುವುದಲ್ಲ, ಡಾಕ್ಟರ್ ಹತ್ತಿರ ಹೇಳುವುದು. ಇದೇ ಕೆಲಸ ಮಾಡುವ ಬೇರೆ ಮಾತ್ರೆಗಳಿವೆ. ನಡೆದಾಡಿದರೆ ನೋವೂ ತಗ್ಗುತ್ತದೆ. ಮುಂದಿನ ವಾರ ಮೈಸೂರಿಗೆ ಹೋಗಿ ಬಂದರು. ಮಾತ್ರೆ ಬದಲಾಗಿತ್ತು. ಈಗ ಮಾತ್ರೆ ಪಟ್ಟಿಯ ಹಿಂದೆ ಪೆನ್ನಿನಲ್ಲಿ ತಾರೀಖು ಬರೆಯುತ್ತಾರೆ.

ಅಲ್ಲಿಂದ ನಾನು ಮನೆಮನೆಗೆ ಹೋದಾಗಲೂ ಇದೇ ಕಥೆಯಿಂದ ಶುರು ಮಾಡುತ್ತೇನೆ. ಕಾಯಿಲೆಯ ಅಪಾಯ ಎಷ್ಟು ಅಂತ ನೋಡಲು 30 ದಾಟಿದವರಿಗೆ ತುಂಬಿಸುವ ಫಾರಂನಲ್ಲಿ ಹೆಂಗಸರ ಸೊಂಟದ ಅಳತೆ 80 ಸೆಂ.ಮೀ. ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಮೊದಲು ಟೇಪು ತೆಗೆದರೆ ಎಲ್ಲರಿಗೂ ನಾಚಿಕೆ, "ದಪ್ಪ ಆಗಿದ್ದೀನಿ ಅಂತ ಹೇಳೋಕೆ ಬಂದ್ರಾ" ಅನ್ನುತ್ತಿದ್ದರು. ಈಗ ಅವರೇ ಸೆರಗು ಸರಿಸಿ ನಿಲ್ಲುತ್ತಾರೆ. ಆ ಕೊಬ್ಬು ಸುಮ್ನೆ ಕೂತಿಲ್ಲ, ಕೆಲಸ ಮಾಡುತ್ತಿದೆ ಅಂತ ಗೊತ್ತಾಗಿದೆ. ಒಂದು ಮಾತು ಮಾತ್ರ ಮರೆಯದೆ ಹೇಳುತ್ತೇನೆ. ದಪ್ಪ ಇದ್ದರೆ ಸ್ತನ ಕ್ಯಾನ್ಸರ್ ಅಪಾಯ ಜಾಸ್ತಿ ಅನ್ನುವ ಲೆಕ್ಕ ಮುಟ್ಟು ನಿಂತಮೇಲಿನದು. ಮೊದಲಿನ ವಯಸ್ಸಿಗೆ ಅದೇ ಲೆಕ್ಕ ನಡೆಯುವುದಿಲ್ಲ.

ಕಷ್ಟ ಆದದ್ದು ವೈನಿನ ವಿಷಯ. ಫಾರಂನಲ್ಲಿ "ದಿನಾ ಮದ್ಯ ಕುಡಿಯುತ್ತೀರಾ" ಅಂತ ಇದೆ. ಎಲ್ಲರೂ ಇಲ್ಲ ಅನ್ನುತ್ತಾರೆ. ಅದೇ ಮನೆಯ ಕಪಾಟಿನಲ್ಲಿ ದ್ರಾಕ್ಷಿ, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ ವೈನಿನ ಭರಣಿಗಳು. ಒಬ್ಬ ಅಜ್ಜಿ ಊಟಕ್ಕೆ ಮುಂಚೆ ದಿನಾ ಒಂದು ಲೋಟ ಕುಡಿಯುತ್ತಿದ್ದರು. "ಅದು ಮನೆ ವೈನು ಮಗಾ, ರಕ್ತಕ್ಕೆ ಒಳ್ಳೇದು."

ಹಬ್ಬಕ್ಕೆ, ನೆಂಟರಿಗೆ ವೈನು ಕೊಡುವುದು ಇಲ್ಲಿಯ ಮರ್ಯಾದೆ. ಅದನ್ನು ಹೀಗಳೆದರೆ ನನ್ನ ಮಾತು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದಕ್ಕೆ ಅಳತೆ ಮಾಡಿದೆ. ಅಜ್ಜಿಯ ಸ್ಟೀಲ್ ಲೋಟಕ್ಕೆ ನೀರು ತುಂಬಿಸಿ ನನ್ನ ಅಳತೆ ಜಾಡಿಗೆ ಸುರಿದೆ. 180 ಮಿಲಿ. ಅಂಗಡಿ ವೈನಿನ ಹಾಗೆ 12 ಪರ್ಸೆಂಟ್ ಅಂತಿಟ್ಟುಕೊಂಡರೂ ಅದರಲ್ಲಿ ಸುಮಾರು 17 ಗ್ರಾಂ ಆಲ್ಕೋಹಾಲ್. ಮನೆ ವೈನು ಎಷ್ಟು ಗಡಸು ಅನ್ನುವುದು ಸಕ್ಕರೆ, ಈಸ್ಟು, ಇಟ್ಟ ದಿನಗಳ ಮೇಲೆ ಹೋಗುತ್ತದೆ.

ಇಲ್ಲೂ ಕಿಣ್ವದ ಕೆಲಸವೇ. ಒಂದು ಕಿಣ್ವ ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಇನ್ನೊಂದು ಅದನ್ನು ನಿರುಪದ್ರವಿ ಅಸಿಟೇಟ್ ಮಾಡುತ್ತದೆ. ನಡುವಿನ ಅಸಿಟಾಲ್ಡಿಹೈಡ್ ವಿಷ, ಡಿಎನ್‌ಎಗೆ ಏಟು ಕೊಡುತ್ತದೆ. ಇದು ಹೆಚ್ಚಾಗಿ ನಡೆಯುವುದು ಲಿವರ್‌ನಲ್ಲಿ, ಸ್ವಲ್ಪ ಎದೆಯಲ್ಲೂ. ಜೊತೆಗೆ ಆಲ್ಕೋಹಾಲ್ ರಕ್ತದಲ್ಲಿ ಈಸ್ಟ್ರೋಜನ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. 2002ರಲ್ಲಿ 53 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ದಿನಕ್ಕೆ 10 ಗ್ರಾಂ ಹೆಚ್ಚಾದ ಹಾಗೆ ಸ್ತನ ಕ್ಯಾನ್ಸರ್ ಅಪಾಯ ಸುಮಾರು 7 ಪರ್ಸೆಂಟ್ ಏರುವುದು ಕಂಡಿತು. ನೂರರಲ್ಲಿ ಏಳು ಜನಕ್ಕೆ ಬರುತ್ತದೆ ಅಂತಲ್ಲ. ಮೊದಲು ಎಷ್ಟಿತ್ತೋ ಅದರ ಮೇಲೆ ಅಷ್ಟು ಏರಿಕೆ. ಅಜ್ಜಿ ಕೇಳಿಸಿಕೊಂಡು ಲೋಟ ಬದಲಾಯಿಸಿದರು. ಈಗ ಹಬ್ಬಕ್ಕೆ ಮಾತ್ರ, ಅದೂ ಸಣ್ಣ ಗಾಜಿನ ಗ್ಲಾಸಿನಲ್ಲಿ.

ಸ್ತನ ಕ್ಯಾನ್ಸರಿಗೆ ಕೊಡುವ ಇನ್ನೊಂದು ಮಾತ್ರೆ ಟಾಮಾಕ್ಸಿಫೆನ್. ಅದನ್ನು ತಗೊಳ್ಳುವವರ ಮನೆಯಲ್ಲಿ ಎಲ್ಲ ಮಾತ್ರೆ ಪಟ್ಟಿಗಳನ್ನೂ ಹೊರಗೆ ಇಡಿಸಿ ನೋಡುತ್ತೇನೆ. ಟಾಮಾಕ್ಸಿಫೆನ್ ಪೂರ್ತಿ ಕೆಲಸಕ್ಕೆ ಬರಲು ಲಿವರ್‌ನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಟಾಮಾಕ್ಸಿಫೆನ್ ಜೊತೆ ಇವುಗಳಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರಿಗೆ ಫೋನ್.

ಇಷ್ಟೆಲ್ಲ ಹೇಳಿ ಒಂದು ದಿನ ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ತಾಯಿಯ ಮುಂದೆ ನನಗೆ ಮಾತು ನಿಂತಿತು. ವಯಸ್ಸು 49. ಕಡ್ಡಿಯ ಹಾಗೆ ಸಣ್ಣ. ದಿನವಿಡೀ ತೋಟದಲ್ಲಿ ದುಡಿಮೆ. ಕುಡಿತ ಗೊತ್ತಿಲ್ಲ. ಮೂರು ಮಕ್ಕಳಿಗೆ ವರ್ಷಗಟ್ಟಲೆ ಹಾಲು ಕೊಟ್ಟವರು. 46ಕ್ಕೆ ಸ್ತನ ಕ್ಯಾನ್ಸರ್ ಬಂತು. "ನೀವು ಹೇಳಿದ್ದು ಯಾವುದೂ ನನ್ನಲ್ಲಿಲ್ಲ. ನನಗ್ಯಾಕೆ ಬಂತು ಸಿಸ್ಟರ್?"

ಅವರ ಕೈ ಹಿಡಿದು, ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ ಅಂದೆ. ಸೊಂಟ, ವೈನು, ಹಾಲೂಡಿಸುವುದು, ಇವೆಲ್ಲ ಸಾವಿರ ಜನರ ನಡುವೆ ಎಷ್ಟು ಜನಕ್ಕೆ ಬರಬಹುದು ಅನ್ನುವ ಲೆಕ್ಕ. ಒಬ್ಬರಿಗೆ ಯಾಕೆ ಬಂತು ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಕೆಲವರಿಗೆ ತಾಯಿ ತಂದೆಯಿಂದ ಬಂದ ವಂಶವಾಹಿಯಿಂದಲೂ ಬರುತ್ತದೆ. ಅವರು ಕಣ್ಣೊರೆಸಿಕೊಂಡು ಒಳಗಿದ್ದ ಮಗಳನ್ನು ಕರೆದರು. ಅವಳಿಗೆ 26. ನಮ್ಮ ತಪಾಸಣೆಯ ಲೆಕ್ಕಕ್ಕೆ 30 ಆಗಬೇಕು. ಆದರೂ ಬಾಗಿಲು ಹಾಕಿ ಎದೆ ಪರೀಕ್ಷೆ ಮಾಡಿದೆ. ಗಂಟು ಸಿಗಲಿಲ್ಲ. ಕಂಕುಳು ಕೂಡ ನೋಡಿದೆ. ಅಮ್ಮನ ಮುಂದಿನ ಚೆಕಪ್‌ಗೆ ಹೋಗುವಾಗ ನೀನೂ ಜೊತೆಗೆ ಹೋಗು, ನನಗೆ ವಂಶವಾಹಿ ಪರೀಕ್ಷೆ ಬೇಕಾ ಅಂತ ಅಲ್ಲಿ ಕೇಳು ಅಂದೆ. ಮರೆಯಬಾರದು ಅಂತ ಆ ಪ್ರಶ್ನೆಯನ್ನು ಅಮ್ಮನ ಆಸ್ಪತ್ರೆ ಫೈಲಿನ ಮೇಲೆ ಅವಳ ಕೈಯಲ್ಲೇ ಬರೆಸಿದೆ.