ಮೇಷ್ಟ್ರ ಪುಕ್ಕವೂ ನನ್ನ ಚಿನ್ನದ ತಕ್ಕಡಿಯೂ

ನಮ್ಮ ಮನೆಯ ಕಾಕಟೀಲ್ ಹಕ್ಕಿಯ (ಜುಟ್ಟಿರುವ ಸಣ್ಣ ಗಿಣಿ ಜಾತಿ) ಹೆಸರು ಮೇಷ್ಟ್ರು. ಬೆಳಗ್ಗೆ ಆರಕ್ಕೆ ಸಿಳ್ಳೆ ಶುರು. ಯಾರಾದರೂ ಏಳದಿದ್ದರೆ ಅವರ ಕೋಣೆಯ ಕಡೆಗೇ ತಿರುಗಿ ಇನ್ನೂ ಜೋರು ಮಾಡುತ್ತಾರೆ. ಹಕ್ಕಿಗೆ ಬಹುವಚನ ಯಾಕೆ ಅಂತ ಕೇಳಬೇಡಿ, ಮನೆಯಲ್ಲಿ ಹಾಗೇ ರೂಢಿಯಾಗಿದೆ. ಲುಟಿನೋ ಬಣ್ಣ: ಬೆಣ್ಣೆಯಂಥ ಮೈ, ಕೆಂಪು ಕಣ್ಣು, ಕೆನ್ನೆಯ ಮೇಲೆ ಕಿತ್ತಳೆ ಬೊಟ್ಟು. ನನ್ನದು ದಾವಣಗೆರೆಯಲ್ಲಿ ಚಿನ್ನ-ಬೆಳ್ಳಿ ರಿಪೇರಿ ಮಾಡುವ ಸಣ್ಣ ಅಂಗಡಿ. ಅಂಗಡಿಯ ಸಾಮಾನು ಮುಂದೆ ಈ ಹಕ್ಕಿಯ ಕೆಲಸಕ್ಕೆ ಬಂತು, ಅದಕ್ಕೇ ಹೇಳಿದೆ.

ತಂದ ವಾರದಲ್ಲೇ ಮೊದಲ ಗಾಬರಿ. ಜುಟ್ಟು ಎತ್ತಿದಾಗ ಅದರ ಹಿಂದೆ ನಾಲ್ಕಾಣೆ ಅಗಲ ಬೋಳು ಕಂಡಿತು. ಅಂಗಡಿಯವನು ರೋಗದ ಹಕ್ಕಿ ತಲೆಗೆ ಕಟ್ಟಿದ ಅಂತ ಎರಡು ದಿನ ಬೈದುಕೊಂಡೆ. ಆಮೇಲೆ ತಿಳಿಯಿತು, ಅದು ಲುಟಿನೋಗಳಿಗೆ ಹುಟ್ಟಿನಿಂದ ಬರುವುದು. ಬಣ್ಣಕ್ಕಾಗಿ ಒಂದೇ ಮನೆತನದೊಳಗೆ ಜೋಡಿ ಕಟ್ಟುತ್ತಾ ಹೋಗಿ ಆ ಬೋಳು ಗಟ್ಟಿಯಾಗಿದೆ. ಎಣ್ಣೆ ಹಚ್ಚಿದರೂ ಪುಕ್ಕ ಬರುವುದಿಲ್ಲ, ಬರದಿದ್ದರೆ ಹಕ್ಕಿಗೆ ನಷ್ಟವೂ ಇಲ್ಲ.

ಎರಡನೇ ಗಾಬರಿ ಪುಕ್ಕ ಉದುರುವ ಕಾಲದ್ದು. ಒಂದು ಬೆಳಗ್ಗೆ ಪಂಜರದ ಕೆಳಗೆ ದಿಂಬು ಹರಿದ ಹಾಗೆ ಪುಕ್ಕ. ನಾನು ಒಂದೊಂದನ್ನೇ ಚಿಮಟದಲ್ಲಿ ಎತ್ತಿ, ಹರಳು ನೋಡುವ ಭೂತಕನ್ನಡಿಯಲ್ಲಿ ನೋಡಿದೆ. ಬುಡ ಪೂರ್ತಿ ಇತ್ತು, ಒಣಗಿ, ನಯವಾಗಿ, ಚೂಪಾಗಿ. ತಾನಾಗಿ ಉದುರಿದ ಪುಕ್ಕದ ಬುಡ ಹಾಗೇ ಇರುತ್ತದೆ. ಎಡಕ್ಕೆ ಒಂದು ಉದುರಿದರೆ ಬಲಕ್ಕೂ ಒಂದು, ಹಾಗಾಗಿ ಮೈ ಎಲ್ಲೂ ಬೋಳಾಗುವುದಿಲ್ಲ. ಬೆನ್ನಿಗೇ ಮುಳ್ಳಿನಂಥ ಹೊಸ ಪುಕ್ಕ ಏಳುತ್ತದೆ, ಮೇಲೆ ಬಿಳಿ ತೊಗಟೆ. ಮೈಯ ಮೇಲಿನ ತೊಗಟೆಯನ್ನು ಹಕ್ಕಿ ತಾನೇ ಬಿಡಿಸಿಕೊಳ್ಳುತ್ತದೆ, ತಲೆಯ ಮೇಲಿನದಕ್ಕೆ ಅದರ ಕೊಕ್ಕು ಎಟುಕುವುದಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ನನ್ನ ಬೆರಳಿಗೆ ಒಡ್ಡುತ್ತಿದ್ದರು, ನಾನು ಉಗುರಲ್ಲಿ ಮೆಲ್ಲಗೆ ಉಜ್ಜಿದರೆ ತೊಗಟೆ ಪುಡಿಯಾಗಿ ಉದುರುತ್ತಿತ್ತು.

ಆ ಎಟುಕದ ಮಾತೇ ಮುಂದೆ ನನ್ನ ಒರೆಗಲ್ಲಾಯಿತು. ತಲೆ ಬೋಳಾದರೆ ಹಕ್ಕಿ ತಾನೇ ಕಿತ್ತುಕೊಂಡದ್ದಲ್ಲ. ಜೊತೆಯ ಹಕ್ಕಿ ಕಿತ್ತಿರಬೇಕು, ಇಲ್ಲವೇ ಹುಳವೋ ಹುಟ್ಟುಗುಣವೋ ಇರಬೇಕು. ತಲೆ ಸರಿಯಿದ್ದು ಕೊಕ್ಕು ಎಟುಕುವ ಕಡೆಯಲ್ಲೇ ಬೋಳಾದರೆ ಕಿತ್ತವರು ಯಾರೆಂದು ಬೇರೆ ಹೇಳಬೇಕಿಲ್ಲ.

ಎರಡು ವರ್ಷದ ಮೇಲೆ, ದೀಪಾವಳಿ ಕಳೆದ ಚಳಿಯಲ್ಲಿ, ಹಾಗೇ ಆಯಿತು. ತಲೆ ಸರಿಯಾಗಿತ್ತು, ರೆಕ್ಕೆಯ ಅಡಿ ಮತ್ತು ತೊಡೆಯ ಒಳಗೆ ಕೆಂಪು ಚರ್ಮ ಕಾಣುತ್ತಿತ್ತು. ಮೇಷ್ಟ್ರು ಕೊಕ್ಕನ್ನು ಕಂಕುಳಿಗೆ ತೂರಿಸಿ ತುರಿಸಿಕೊಳ್ಳುವರು, ಪುಕ್ಕ ಕಿತ್ತ ನೋವಿಗೆ ತಾವೇ ಕಿರುಚುವರು, ಮತ್ತೆ ತೂರಿಸುವರು. ಬಿದ್ದ ಪುಕ್ಕ ಭೂತಕನ್ನಡಿಗೆ ಹಿಡಿದರೆ ದಂಟು ಜಗಿದು ಸೀಳಿತ್ತು.

ಒಬ್ಬೊಬ್ಬರದು ಒಂದೊಂದು ಮದ್ದು. ಹಕ್ಕಿ ಅಂಗಡಿಯಲ್ಲಿ ಹುಳಕ್ಕೆಂದು ಹೆಸರಿಲ್ಲದ ಶೀಶೆ ಕೊಟ್ಟರು. ಅದನ್ನು ಹಾಕುವ ಮೊದಲು ರಾತ್ರಿ ಪಂಜರಕ್ಕೆ ಬಿಳಿ ಪಂಚೆ ಹೊದಿಸಿ, ಬೆಳಗಿನ ಜಾವ ತೆಗೆದು ನೋಡಿದೆ. ರಕ್ತ ಹೀರುವ ಹುಳ ರಾತ್ರಿಯೇ ಹೊರಬರುವುದರಿಂದ ಬಟ್ಟೆಯ ಮೇಲೆ ಕೆಂಪು ಚುಕ್ಕೆಯಾಗಿ ಸಿಗುತ್ತದೆ. ಮೂರು ರಾತ್ರಿ ಒಂದೂ ಸಿಗಲಿಲ್ಲ. ಶೀಶೆ ಹಾಗೇ ಉಳಿಯಿತು. ಪಕ್ಕದ ಮನೆಯವರು 'ಒಂಟಿ ಇದೆ, ಜೋಡಿ ತಂದು ಬಿಡಿ' ಅಂದರು. ಅವ್ವ ದೃಷ್ಟಿ ತೆಗೆದಳು. ಆ ಎಲ್ಲದರಲ್ಲಿ ಹಕ್ಕಿಗೆ ತೊಂದರೆ ಮಾಡದ್ದು ಅದೊಂದೇ.

ತಪ್ಪು ಮಾಡಿದವನು ನಾನು. ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ರೆಕ್ಕೆಯಡಿ ಹಚ್ಚಿದೆ. ಅರ್ಧ ಗಂಟೆಯಲ್ಲಿ ಪುಕ್ಕವೆಲ್ಲ ಅಂಟಿಕೊಂಡು ಮೇಷ್ಟ್ರು ನೆನೆದ ಇಲಿಮರಿಯ ಹಾಗಾದರು. ಪುಕ್ಕದ ನಡುವೆ ನಿಲ್ಲುವ ಗಾಳಿಯೇ ಹಕ್ಕಿಯ ಕಂಬಳಿ, ಎಣ್ಣೆ ಬಿದ್ದರೆ ಕಂಬಳಿ ಹೋಯಿತು. ಡಿಸೆಂಬರ್ ಚಳಿಯಲ್ಲಿ ನಡುಗತೊಡಗಿದರು, ಸಾಲದ್ದಕ್ಕೆ ಎಣ್ಣೆಯನ್ನು ಕೊಕ್ಕಿನಿಂದ ತೀಡಿ ನುಂಗುತ್ತಿದ್ದರು. ರಾತ್ರಿಯೆಲ್ಲ ಪಂಜರದ ಪಕ್ಕ ಟೇಬಲ್ ಲ್ಯಾಂಪ್ ಹಚ್ಚಿ ಕೂತೆ. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದು ಇನ್ನೂ ಕಷ್ಟ.

ಮಾರನೇ ಬೆಳಗ್ಗೆ ಮೇಷ್ಟ್ರನ್ನು ಅಂಗಡಿಯ ತಕ್ಕಡಿಗೆ ಹತ್ತಿಸಿದೆ. ಹಕ್ಕಿಗಳು ಕಾಯಿಲೆ ತೋರಿಸಿಕೊಳ್ಳುವುದಿಲ್ಲ. ಕಾಡಿನಲ್ಲಿ ಸೊರಗಿದ ಹಕ್ಕಿಯೇ ಗಿಡುಗನಿಗೆ ಮೊದಲು ಕಾಣುವುದು, ಆ ಅಂಜಿಕೆ ಪಂಜರದಲ್ಲೂ ಹೋಗಿಲ್ಲ. ಪುಕ್ಕ ಉಬ್ಬಿಸಿ ದುಂಡಗೆ ಕಾಣುತ್ತಾರೆ, ಕಾಳು ಒಡೆದು ತಿಂದ ಹಾಗೆ ನಟಿಸುತ್ತಾರೆ. ತೂಕ ಮಾತ್ರ ನಟಿಸುವುದಿಲ್ಲ. ಹಿಂದೆ ಒಮ್ಮೆ ತಮಾಷೆಗೆ ತೂಗಿದಾಗ 94.210 ಗ್ರಾಂ ಇತ್ತು, ರಿಪೇರಿ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಈಗ 84.360. ಅಂಗಡಿಯ ಮಾತಲ್ಲಿ ನೂರಕ್ಕೆ ಹತ್ತರ ಮೇಲೆ ವೇಸ್ಟೇಜು. ಅಷ್ಟು ಇಳಿದರೆ ಕಾಯುವ ಹಾಗಿಲ್ಲ.

ಊರಿನ ಪಶುವೈದ್ಯರು ಎತ್ತು, ಎಮ್ಮೆ, ನಾಯಿ ನೋಡುವವರು. 'ನನಗೆ ಹಕ್ಕಿ ಅಷ್ಟು ಗೊತ್ತಿಲ್ಲ, ಸುಮ್ಮನೆ ಇಂಜೆಕ್ಷನ್ ಚುಚ್ಚಲ್ಲ, ಬೆಂಗಳೂರಿಗೆ ಹೋಗ್ರಿ' ಅಂದರು. ಆ ಮನುಷ್ಯನಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಬೆಂಗಳೂರಿನ ಡಾಕ್ಟರು ಮೊದಲು ಕೇಳಿದ್ದು 'ಹಿಕ್ಕೆ ಎಲ್ಲಿ?' ಅಂತ. ನಾನು ದಾವಣಗೆರೆಯಿಂದ ಡಬ್ಬಿಯಲ್ಲಿ ತಂದಿದ್ದೆ, ನೋಡಿ ನಕ್ಕು ಪಕ್ಕಕ್ಕಿಟ್ಟರು. ಆಗತಾನೆ ಬಿದ್ದದ್ದೇ ಬೇಕು, ಹೊತ್ತಾದರೆ ಅದರೊಳಗಿನ ಜೀವಿ ಸತ್ತು ಕಾಣುವುದಿಲ್ಲ. ಮೊದಲ ದಿನ ಏನೂ ಸಿಗಲಿಲ್ಲ. ಅದು ದಿನಾ ಹೊರಬೀಳುವುದಿಲ್ಲ, ನಾಳೆ ಬನ್ನಿ ಅಂದರು. ತಂಗಿಯ ಮನೆಯಲ್ಲಿ ಉಳಿದೆವು. ಮೂರನೇ ದಿನ ಸಿಕ್ಕಿತು, ನನ್ನನ್ನೂ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು: ನೀರಹನಿಯ ಆಕಾರ, ಉದುರುವ ತರಗೆಲೆಯಂತೆ ಹೊರಳಿ ಹೊರಳಿ ಸಾಗುತ್ತಿತ್ತು. ಜಿಯಾರ್ಡಿಯಾ, ಕರುಳಿನ ಪರಾವಲಂಬಿ. ತಿಂದದ್ದು ಮೈಗೆ ಹತ್ತಲು ಬಿಡುವುದಿಲ್ಲ. ಕಾಕಟೀಲ್‌ಗಳಲ್ಲಿ ಇದು ಸೇರಿಕೊಂಡರೆ ರೆಕ್ಕೆಯಡಿ, ತೊಡೆಯಲ್ಲಿ ವಿಪರೀತ ತುರಿಕೆ ಏಳುವುದುಂಟು. ತಿಂಗಳುಗಟ್ಟಲೆ ನಾನು ಪುಕ್ಕ ನೋಡುತ್ತಾ ಕೂತಿದ್ದೆ. ರೋಗ ಪಂಜರದ ಕೆಳಗೆ ಪೇಪರ್ ಮೇಲೆ ಬೀಳುತ್ತಿತ್ತು, ಅದನ್ನು ದಿನಾ ಮಡಚಿ ಕಸಕ್ಕೆ ಹಾಕುತ್ತಿದ್ದೆ. ಈಚೆಗೆ ಹಿಕ್ಕೆ ಜಾಸ್ತಿ, ನೀರುನೀರು, ವಾಸನೆ ಬೇರೆ ಅಂತ ಹೆಂಡತಿ ಎರಡು ಸಲ ಹೇಳಿದ್ದಳು.

ಔಷಧ ಮೆಟ್ರೊನಿಡಜೋಲ್, ನಮಗೆ ಭೇದಿಗೆ ಕೊಡುವುದೇ. ಪ್ರಮಾಣ ಬರೆಯುವುದಿಲ್ಲ, ಹಕ್ಕಿಯ ತೂಕ ನೋಡಿ ಡಾಕ್ಟರೇ ಹೇಳಬೇಕು. ಸೂಜಿ ತೆಗೆದ ಇನ್ಸುಲಿನ್ ಸಿರಿಂಜಿನಲ್ಲಿ ಕೊಕ್ಕಿನ ಪಕ್ಕದಿಂದ ಹನಿಹನಿ ಬಿಡಬೇಕು. ಕಹಿಗೆ ಮೇಷ್ಟ್ರು ತಲೆ ಕೊಡವಿ ನನ್ನ ಕನ್ನಡಕಕ್ಕೆ ಉಗಿಯುತ್ತಿದ್ದರು. ಔಷಧದಷ್ಟೇ ಕೆಲಸ ಪಂಜರದ್ದು. ನೀರಿನ ಬಟ್ಟಲು ಸರಿಯಾಗಿ ಕೂರುವ ಕೋಲಿನ ಕೆಳಗೇ ಇತ್ತು. ಹಿಕ್ಕೆ ನೀರಿಗೆ ಬಿದ್ದು, ಅದೇ ನೀರು ಮತ್ತೆ ಹೊಟ್ಟೆಗೆ ಹೋಗುತ್ತಿತ್ತು. ಬಟ್ಟಲನ್ನು ಮೇಲಕ್ಕೆ, ಪಕ್ಕಕ್ಕೆ ಸರಿಸಿದೆ. ಕುದಿಸಿ ಆರಿಸಿದ ನೀರು, ದಿನಾ ಎರಡು ಸಲ ಬದಲು. ಪಂಜರಕ್ಕೆ ಕುದಿನೀರು ಸುರಿದು ಬಿಸಿಲಲ್ಲಿ ಗರಿಗರಿ ಒಣಗಿಸುತ್ತಿದ್ದೆ, ಯಾಕೆಂದರೆ ತೇವವಿದ್ದರೆ ಆ ಪರಾವಲಂಬಿಯ ಸಿಸ್ಟ್‌ಗಳು, ಅಂದರೆ ಚಿಪ್ಪು ಕಟ್ಟಿಕೊಂಡ ರೂಪಗಳು, ಬಹಳ ದಿನ ಬದುಕುತ್ತವೆ. ಹಳೆಯ ಕೋಲುಗಳನ್ನು ಎಸೆದು ಸೀಬೆ ಕೊಂಬೆ ಕಟ್ಟಿದೆ.

ತುರಿಕೆ ಮೊದಲು ನಿಂತಿತು, ಪುಕ್ಕ ಬರಲು ವಾರಗಳೇ ಹಿಡಿದವು. ಹೊಸ ಪುಕ್ಕದ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ. ಒಂದು ರಾತ್ರಿ ಕರೆಂಟ್ ಹೋದಾಗ ಗೋಡೆಯ ಹಲ್ಲಿ ಪಂಜರದ ಮೇಲೆ ಬಿತ್ತೋ ಏನೋ, ಮೇಷ್ಟ್ರು ಕತ್ತಲಲ್ಲಿ ಬಡಿದಾಡಿಬಿಟ್ಟರು. ಟಾರ್ಚ್ ಹಾಕಿದರೆ ಬಿಳಿ ರೆಕ್ಕೆಯ ಮೇಲೆ ರಕ್ತ. ಪುಟ್ಟ ಮೈ, ಹೆಚ್ಚು ರಕ್ತ ಹೋಗುವ ಹಾಗಿಲ್ಲ. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ಹತ್ತು ನಿಮಿಷ ಕೂತೆ, ನಿಂತಿತು. ರಾತ್ರಿ ಬೆಚ್ಚಿಬೀಳುವುದು ಕಾಕಟೀಲ್‌ಗಳ ಸ್ವಭಾವ. ಅವತ್ತಿನಿಂದ ಬ್ಯಾಟರಿಯಲ್ಲಿ ಉರಿಯುವ ಸಣ್ಣ ದೀಪವೊಂದು ಪಂಜರದ ಹತ್ತಿರ ಇದ್ದೇ ಇರುತ್ತದೆ.

ಊಟವೂ ಬದಲಾಯಿತು. ಮೊದಲು ಬರೀ ನವಣೆ, ಸೂರ್ಯಕಾಂತಿ ಬೀಜ. ಬೀಜವೊಂದನ್ನೇ ತಿಂದರೆ ಎ ಜೀವಸತ್ವ ಸಾಲದೆ ಚರ್ಮ ಒಣಗುತ್ತದೆ. ಈಗ ನುಗ್ಗೆಸೊಪ್ಪು, ತುರಿದ ಗಜ್ಜರಿ, ಮೊಳಕೆ ಹೆಸರುಕಾಳು. ನುಗ್ಗೆಸೊಪ್ಪಿಗೆ ಬಾಯಿ ಹಾಕಲು ಒಂದೂವರೆ ತಿಂಗಳು ಹಟ ಮಾಡಿದರು. ಕಡೆಗೆ ನಾವು ತಟ್ಟೆ ಹಿಡಿದು ಎದುರಿಗೆ ಕೂತು ತಿಂದು ತೋರಿಸಿದ ಮೇಲೆಯೇ ಒಪ್ಪಿದ್ದು. ಅಡುಗೆಮನೆಯ ನಾನ್‌ಸ್ಟಿಕ್ ತವಾ ಹೋಯಿತು. ಅದು ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಸೊಳ್ಳೆ ಬತ್ತಿಯೂ ಹೋಯಿತು. ಬಿಳಿಗಾರ, ಆಸಿಡ್ ಹೊಗೆ ಇರುವ ನನ್ನ ಕೆಲಸದ ಕೋಣೆಗಂತೂ ಮೇಷ್ಟ್ರಿಗೆ ಪ್ರವೇಶವೇ ಇಲ್ಲ, ತೂಕದ ದಿನ ತಕ್ಕಡಿಯೇ ಮನೆಗೆ ಬರುತ್ತದೆ.

ಈಗಲೂ ಪ್ರತಿ ಸೋಮವಾರ ಬೆಳಗ್ಗೆ, ಮೊದಲ ಹಿಕ್ಕೆ ಆದ ಮೇಲೆ, ಕಾಳು ಹಾಕುವ ಮೊದಲು ತೂಗುತ್ತೇನೆ. ಬಲ ರೆಕ್ಕೆಯಡಿ ಒಂದು ಕಡೆ ಪುಕ್ಕ ಇನ್ನೂ ಬಂದಿಲ್ಲ, ಕಿತ್ತೂ ಕಿತ್ತೂ ಪುಕ್ಕದ ಬೇರೇ ಕೆಟ್ಟಿರಬೇಕು ಅಂತಾರೆ ಡಾಕ್ಟರು. ಮೊನ್ನೆ ಒಬ್ಬ ಗಿರಾಕಿ ರಿಪೇರಿ ಪುಸ್ತಕದ ಮೇಲೆ ಬಗ್ಗಿ, 'ಮೇಷ್ಟ್ರು, 93.150' ಅನ್ನುವ ಸಾಲು ಓದಿ, 'ಯಾವ ಶಾಲೆ ಮೇಷ್ಟ್ರು ಸಾಮಿ, ಇಷ್ಟು ಬಂಗಾರ ಮಾಡಿಸ್ಯಾರ?' ಅಂತ ಕೇಳಿದ.