ಪೋಷಕತ್ವ: ಹೆತ್ತ ತಾಯಿಗೂ ಮನೆಯಲ್ಲಿ ಜಾಗವಿರಲಿ

ಮಡಿಲು ತುಂಬಲಿಲ್ಲವೆಂಬ ಕೊರಗಿನಲ್ಲಿ ವರ್ಷಗಳನ್ನು ಕಳೆದವರು ಪೋಷಕತ್ವಕ್ಕೆ (ಫಾಸ್ಟರ್ ಕೇರ್), ಅಂದರೆ ಹೆತ್ತವರು ಸದ್ಯಕ್ಕೆ ಸಾಕಲಾಗದ ಮಗುವನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕುವುದಕ್ಕೆ, ಅರ್ಜಿ ಹಾಕುವ ಮೊದಲು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ದತ್ತು ಪಡೆದ ಮಗು ಕಾನೂನಿನ ಪ್ರಕಾರ ನಿಮ್ಮದೇ ಮಗು. ಪೋಷಕತ್ವದಲ್ಲಿ ಬಂದ ಮಗುವಾದರೋ, ಹೆತ್ತವಳ ಪರಿಸ್ಥಿತಿ ಸುಧಾರಿಸಿದರೆ ಅವಳ ಬಳಿಗೇ ಮರಳಬಹುದು. ಇದಕ್ಕೆ ಮನಸ್ಸು ಒಪ್ಪದಿದ್ದರೆ ದತ್ತು ಸ್ವೀಕಾರಕ್ಕೇ ಹೆಸರು ನೋಂದಾಯಿಸುವುದು ಲೇಸು.

ಒಪ್ಪುವುದಾದರೆ ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. 2015ರ ಬಾಲನ್ಯಾಯ ಕಾಯ್ದೆಯಂತೆ, ಮನೆಯನ್ನೂ ಮನೆಯವರನ್ನೂ ಪರಿಶೀಲಿಸಿದ ಬಳಿಕ ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ಒಪ್ಪಿಸುತ್ತದೆ. ಕೇಂದ್ರ ಸರ್ಕಾರದ 2024ರ ಪೋಷಕತ್ವ ಮಾರ್ಗಸೂಚಿಯು 35 ವರ್ಷ ತುಂಬಿದ ಅವಿವಾಹಿತೆ, ವಿಧವೆ ಹಾಗೂ ವಿಚ್ಛೇದಿತೆಯರಿಗೂ ಅವಕಾಶ ನೀಡಿದೆ. ಎರಡು ವರ್ಷ ಸಾಕಿದ ಮೇಲೆ, ಮಗುವನ್ನು ದತ್ತು ಕೊಡಲು ಕಾನೂನುರೀತ್ಯಾ ಅಡ್ಡಿಯಿಲ್ಲದಿದ್ದರೆ, ದತ್ತು ಕೋರಬಹುದು. ಆದರೆ ಅದನ್ನೇ ನೆಚ್ಚಿಕೊಂಡು ಮಗುವನ್ನು ತರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಜವಾದ ಕೆಲಸ ಶುರುವಾಗುವುದು ಮಗು ಹೊಸ್ತಿಲು ದಾಟಿದ ದಿನ. ಹೀಗೆ ಬರುವ ಮಕ್ಕಳು ಸಾಮಾನ್ಯವಾಗಿ ಆರು ವರ್ಷ ದಾಟಿದವರು. ಅವರಿಗೆ ಅಮ್ಮನ ಮುಖ, ಅಮ್ಮ ಕಲಸಿಕೊಟ್ಟ ತುತ್ತು ಚೆನ್ನಾಗಿ ನೆನಪಿರುತ್ತದೆ. ಮಗು ಜೊತೆಯಲ್ಲಿ ತಂದ ಮಾಸಿದ ಲಂಗವನ್ನೋ ಹಳೆಯ ಸೀರೆಯ ತುಂಡನ್ನೋ ಕೊಳಕೆಂದು ಮೊದಲ ದಿನವೇ ಸೋಪಿನ ನೀರಿಗೆ ಹಾಕಬೇಡಿ. ಅದರಲ್ಲಿ ಅಮ್ಮನ ವಾಸನೆ ಇರುತ್ತದೆ, ಮಗು ರಾತ್ರಿ ಅದನ್ನೇ ಮೂಗಿಗೆ ಒತ್ತಿಕೊಂಡು ಮಲಗುತ್ತದೆ. "ನನ್ನನ್ನು ಅಮ್ಮ ಅನ್ನು" ಎಂದು ಒತ್ತಾಯಿಸುವುದೂ ಬೇಡ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಯಾವುದು ಅದರ ಬಾಯಿಗೆ ಬರುತ್ತದೋ ಅದಕ್ಕೇ ಓಗೊಡಿ. ಕುಂತಿಯ ಮಗನನ್ನು ನಾವು ಇಂದಿಗೂ ರಾಧೇಯನೆಂದು ಕರೆಯುತ್ತೇವೆ. ಸಾಕಿದವಳ ಹೆಸರು ಉಳಿಯಲು ಹೆತ್ತವಳ ಹೆಸರನ್ನು ಅಳಿಸಬೇಕಾಗಿಲ್ಲ. ಹೆತ್ತವಳನ್ನು ನೆಂಟರಿಷ್ಟರು ಮಗುವಿನೆದುರು ಹಳಿಯತೊಡಗಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. "ನಿಮ್ಮಮ್ಮ ಸಾರಿಗೆ ಏನು ಹಾಕುತ್ತಿದ್ದಳು?" ಎಂದು ನೀವೇ ಕೇಳಿ, ಒಂದು ದಿನ ಹಾಗೆಯೇ ಮಾಡಿ ಬಡಿಸಿ.

ನಿಮ್ಮ ದುಃಖವನ್ನು ಗಂಡನೊಡನೆ, ಅಕ್ಕತಂಗಿಯರೊಡನೆ ಅಥವಾ ಆಪ್ತಸಮಾಲೋಚಕರೊಡನೆ ಹೇಳಿಕೊಳ್ಳಿ. ಅದನ್ನು ತುಂಬಿಕೊಡುವ ಹೊಣೆಯನ್ನು ಮಗುವಿನ ಮೇಲೆ ಹೊರಿಸಬೇಡಿ.

ಮಗುವನ್ನು ಮರಳಿ ಕಳುಹಿಸುವ ದಿನ ಬಂದರೆ ಬಟ್ಟೆಬರೆ, ಲಸಿಕೆ ಕಾರ್ಡು, ಶಾಲೆಯ ಪುಸ್ತಕಗಳೊಡನೆ ಆ ತಾಯಿಗೊಂದು ಚೀಟಿಯನ್ನೂ ಬರೆದಿಡಿ: ದೀಪ ಆರಿಸಿದರೆ ಹೆದರುತ್ತಾಳೆ, ಹಾಲಿನ ಕೆನೆ ಸೇರುವುದಿಲ್ಲ, ಮುಂದಿನ ಹಲ್ಲು ಅಲ್ಲಾಡುತ್ತಿದೆ.